ಹಳೆಯ ಜೀಪನ್ನು ಕೊಳ್ಳುವ ಮತ್ತು ಜೀರ್ಣೋದ್ಧಾರ ಮಾಡುವ ಕ್ರಮ



ನಮ್ಮ ಸೀಮೆಯ ಅನೇಕ ಮನೆಗಳ ಕೊಟ್ಟಿಗೆಯ ಮೂಲೆಯಲ್ಲಿ, ತೆಂಗಿನ ಸೋಗೆಯ ಮಾಡಿನ ಕೆಳಗೆ, ಒಂದು ಹಳೆಯ ಜೀಪು ನಿಂತಿರುವುದುಂಟು. ಅಜ್ಜನ ಕಾಲದಲ್ಲಿ ಗೊಬ್ಬರ ಹೊತ್ತು, ರೋಗಿಗಳನ್ನು ಆಸ್ಪತ್ರೆಗೆ ಮುಟ್ಟಿಸಿ, ಮದುವೆಯ ದಿಬ್ಬಣ ಸಾಗಿಸಿದ ಗಾಡಿ ಈಗ ಕೋಳಿಗಳ ಗೂಡಾಗಿರುತ್ತದೆ. ಒಂದು ದಿನ ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾನೆ. ಮನೆಯವರು, ಹೋದರೆ ಹೋಗಲಿ, ಜಾಗ ಖಾಲಿಯಾಯಿತು ಎಂದುಕೊಳ್ಳುತ್ತಾರೆ. ಹಾಗೆ ಕೊಡುವ ಮೊದಲು ಈ ಲೇಖನವನ್ನು ಒಮ್ಮೆ ಓದಿ ನೋಡಬೇಕೆಂದು ನಮ್ಮ ವಿನಂತಿ. ತೂಕಕ್ಕೆ ಹೋದ ಜೀಪು ಮರಳಿ ಬಾರದು. ಸರಿಯಾಗಿ ಎತ್ತಿ ನಿಲ್ಲಿಸಿದರೆ ಇನ್ನೊಂದು ತಲೆಮಾರು ಅದನ್ನು ನೋಡೀತು.

ಜೀಪಿನ ಪೂರ್ವಚರಿತ್ರೆ

1940ರಲ್ಲಿ ಅಮೆರಿಕದ ಸೈನ್ಯವು ನಾಲ್ಕು ಚಕ್ರಗಳಿಗೂ ಬಲ ಹರಿಯುವ ಒಂದು ಸಣ್ಣ, ಹಗುರವಾದ ಗಾಡಿ ಬೇಕೆಂದು ಕಾರ್ಖಾನೆಗಳನ್ನು ಕೇಳಿತು. ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಬ್ಯಾಂಟಮ್ ಎಂಬ ಚಿಕ್ಕ ಕಂಪೆನಿ, ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನ ನಕ್ಷೆಯ ಮೇಲೆ, ಅದೇ ವರ್ಷದ ಸೆಪ್ಟೆಂಬರ್ 23ರಂದು ಮೊದಲ ಗಾಡಿಯನ್ನು ಪರೀಕ್ಷೆಗೆ ಒಪ್ಪಿಸಿತು. ಆದರೆ ಸಾವಿರಗಟ್ಟಲೆ ಗಾಡಿ ಮಾಡುವ ಶಕ್ತಿ ಅದಕ್ಕಿರಲಿಲ್ಲ. 1941ರಲ್ಲಿ ದೊಡ್ಡ ಗುತ್ತಿಗೆಯು ವಿಲ್ಲಿಸ್ ಕಂಪೆನಿಗೆ ಹೋಯಿತು; ಅನಂತರ ಫೋರ್ಡ್ ಕಂಪೆನಿಯೂ ಅದೇ ನಮೂನೆಯನ್ನು ತಯಾರಿಸಿತು. ವಿಲ್ಲಿಸ್ ಮಾಡಿದ್ದಕ್ಕೆ ಎಂ.ಬಿ. ಎಂದೂ ಫೋರ್ಡ್ ಮಾಡಿದ್ದಕ್ಕೆ ಜಿ.ಪಿ.ಡಬ್ಲ್ಯು. ಎಂದೂ ಹೆಸರು. 1945ರಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಎರಡೂ ಸೇರಿ ಆರು ಲಕ್ಷಕ್ಕೂ ಮಿಕ್ಕಿದ ಜೀಪುಗಳು ಹೊರಬಿದ್ದಿದ್ದವು.

ರೈತರಿಗೆ ಹೆಚ್ಚು ಸಂಬಂಧಪಟ್ಟ ಮಾತು ಇದರ ಮುಂದಿನದು. ಯುದ್ಧ ಮುಗಿದ ಮೇಲೆ ಈ ಗಾಡಿಯನ್ನು ಯಾರಿಗೆ ಮಾರಬೇಕೆಂದು ವಿಲ್ಲಿಸ್ ಕಂಪೆನಿ ಯೋಚಿಸಿದಾಗ ಅದರ ಕಣ್ಣಿಗೆ ಬಿದ್ದವನು ಬೇಸಾಯಗಾರನೇ. 1945ರಲ್ಲಿ ಬಂದ ಸಿ.ಜೆ.-2ಎ ಎಂಬ ನಾಗರಿಕ ಜೀಪಿಗೆ ಹಿಂದೆ ತೆರೆಯುವ ಬಾಗಿಲು, ನೇಗಿಲು ಎಳೆಯುವ ಏರ್ಪಾಡು, ಬೆಲ್ಟು ಹಾಕಿ ಒಕ್ಕಣೆಯಂತ್ರವನ್ನೋ ಗರಗಸವನ್ನೋ ತಿರುಗಿಸುವ ಬಲದ ದಂಡ, ಇವೆಲ್ಲ ದೊರೆಯುತ್ತಿದ್ದವು.

ಇದರ ಲೆಕ್ಕವನ್ನು ಸ್ವಲ್ಪ ನೋಡೋಣ. ಯುದ್ಧದ ಜೀಪಿನಲ್ಲಿ ಮೊದಲ ಗೇರು, ಕೆಳ ಗೇರು, ಹಿಂದಿನ ಆಕ್ಸಲು ಈ ಮೂರನ್ನು ಗುಣಿಸಿದರೆ, ಚಕ್ರ ಒಂದು ಸುತ್ತು ಬರಲು ಎಂಜಿನು ಸುಮಾರು 26 ಸುತ್ತು ತಿರುಗಬೇಕು. ನಾಗರಿಕ ಜೀಪಿನಲ್ಲಿ ಮೊದಲ ಗೇರು 2.80, ಕೆಳ ಗೇರು 2.46, ಆಕ್ಸಲು 5.38. ಗುಣಿಸಿದರೆ 37 ಸುತ್ತು. ಎಂಜಿನು ನಿಮಿಷಕ್ಕೆ 1000 ಸುತ್ತು ತಿರುಗುತ್ತಿದ್ದರೆ ಗಾಡಿ ಗಂಟೆಗೆ ಸುಮಾರು ಮೂರೂವರೆ ಕಿಲೋಮೀಟರು ಸಾಗುತ್ತದೆ. ಅಂದರೆ ನಮ್ಮ ಜೋಡೆತ್ತಿನ ನಡಿಗೆ! ನೇಗಿಲು ಎಳೆಯಬೇಕೆಂದೇ ಈ ಗೇರುಗಳನ್ನು ಹೊಂದಿಸಿದ್ದರು. ಆದರೂ ಗಾಡಿ ಹಗುರವಾದ್ದರಿಂದ ಗಟ್ಟಿ ಉಳುಮೆಯಲ್ಲಿ ಅದು ಟ್ರ್ಯಾಕ್ಟರಿನ ಸ್ಥಾನ ಹಿಡಿಯಲಿಲ್ಲ. ಗುಡ್ಡದ ದಾರಿ, ತೋಟದ ಸಾಗಾಟಗಳಲ್ಲಿ ಮಾತ್ರ ಅದಕ್ಕೆ ಸಮನಾದುದು ಬಹುಕಾಲ ಇರಲಿಲ್ಲ.

ನಮ್ಮ ದೇಶದಲ್ಲಿ ಮಹೀಂದ್ರ ಕಂಪೆನಿಯು 1940ರ ದಶಕದ ಕೊನೆಗೆ ಮುಂಬಯಿಯ ಮಜಗಾಂವದಲ್ಲಿ, ಹೊರಗಿನಿಂದ ಬಂದ ಬಿಡಿಭಾಗಗಳನ್ನು ಕೂಡಿಸಿ ಜೀಪು ಕಟ್ಟತೊಡಗಿತು. 1953ರಲ್ಲಿ ಅಮೆರಿಕದಲ್ಲಿ ಹೊರಬಂದ, ಎತ್ತರದ ಬಾನೆಟ್ಟಿನ ಸಿ.ಜೆ.-3ಬಿ ನಮೂನೆ ಇಲ್ಲಿಯೂ ತಯಾರಾಗಿ ಹಳ್ಳಿಹಳ್ಳಿಗೆ ಹಬ್ಬಿತು. ಅಮೆರಿಕದಲ್ಲಿ ಅದು 1968ಕ್ಕೆ ನಿಂತುಹೋದರೂ ಇಲ್ಲಿ ಬಹಳ ವರ್ಷ ಮುಂದುವರಿಯಿತು. 1965ರ ಯುದ್ಧದಲ್ಲಿ ಖೇಮ್ ಕರಣ್ ಬಳಿಯ ಅಸಲ್ ಉತ್ತರದಲ್ಲಿ ಅಬ್ದುಲ್ ಹಮೀದರು ಶತ್ರುವಿನ ಪ್ಯಾಟನ್ ಟ್ಯಾಂಕುಗಳನ್ನು ಕೆಡವಿದ್ದು ಜೀಪಿನ ಮೇಲೆ ಕೂರಿಸಿದ ತೋಪಿನಿಂದಲೇ. ಮರಣೋತ್ತರವಾಗಿ ಅವರಿಗೆ ಪರಮವೀರ ಚಕ್ರ ಸಂದಿತು. ನಿಮ್ಮ ಕೊಟ್ಟಿಗೆಯ ಗಾಡಿ ಇಂಥ ಕುಲದ್ದು.

ಗುರುತು ಹಿಡಿಯುವುದು ಹೇಗೆ?

ಎಲ್ಲ ಹಳೆಯ ಜೀಪೂ ಯುದ್ಧದ ಜೀಪಲ್ಲ. ಮಾರುವವರು ಮಾತ್ರ ಎಲ್ಲವನ್ನೂ "ವಿಲ್ಲಿಸ್ ಮಿಲಿಟರಿ" ಎಂದೇ ಹೇಳುತ್ತಾರೆ. ಈ ಕೆಳಗಿನ ಲಕ್ಷಣಗಳನ್ನು ನೋಡತಕ್ಕದ್ದು.

ಯುದ್ಧದ ಜೀಪಿನ ಮುಂದಿನ ಜಾಲರಿಯಲ್ಲಿ, ಮೊದಲ ಕೆಲವು ತಿಂಗಳ ಗಾಡಿಗಳನ್ನು ಬಿಟ್ಟರೆ, 9 ಸೀಳುಗಳು. ದೀಪಗಳು ಚಿಕ್ಕವು, ಜಾಲರಿಯ ಒಳಕ್ಕೆ ಸರಿದಿರುತ್ತವೆ. ಹಿಂದೆ ತೆರೆಯುವ ಬಾಗಿಲಿಲ್ಲ. ನಾಗರಿಕ ಸಿ.ಜೆ.-2ಎ ಜೀಪಿಗೆ 7 ಸೀಳು, ದೊಡ್ಡ ದೀಪ, ಹಿಂದೆ ಬಾಗಿಲು. ಸಿ.ಜೆ.-3ಎ ಆದರೆ ಮುಂಗಾಜು ಒಂದೇ ತುಂಡು. ಬಾನೆಟ್ಟು ಎತ್ತರವಾಗಿ ಪೆಟ್ಟಿಗೆಯಂತೆ ಕಂಡರೆ ಅದು ಸಿ.ಜೆ.-3ಬಿ. ಹಾಗೆ ಎತ್ತರಿಸಲು ಕಾರಣ ಎಂಜಿನು. ಹಳೆಯ 60 ಅಶ್ವಶಕ್ತಿಯ ಎಂಜಿನಿನಲ್ಲಿ ವಾಲ್ವುಗಳೆಲ್ಲ ಬ್ಲಾಕಿನ ಪಕ್ಕದಲ್ಲಿದ್ದವು. ಹೊಸದರಲ್ಲಿ ಗಾಳಿ ಒಳಬರುವ ವಾಲ್ವುಗಳನ್ನು ಹೆಡ್ಡಿಗೆ ಏರಿಸಿದರು. ಹೊಗೆಯ ವಾಲ್ವುಗಳು ಬ್ಲಾಕಿನಲ್ಲಿಯೇ ಉಳಿದವು. ಎರಡರ ಗಾತ್ರವೂ 134 ಘನ ಅಂಗುಲ, ಎಂದರೆ ಸುಮಾರು 2200 ಸಿ.ಸಿ.

ವಿಲ್ಲಿಸಿಗೂ ಫೋರ್ಡಿಗೂ ವ್ಯತ್ಯಾಸ ತಿಳಿಯಲು ರೇಡಿಯೇಟರಿನ ಕೆಳಗೆ ಬಗ್ಗಿ ನೋಡಿರಿ. ಚಾಸಿಯ ಮುಂದಿನ ಅಡ್ಡಪಟ್ಟಿ ದುಂಡು ಕೊಳವೆಯಾಗಿದ್ದರೆ ವಿಲ್ಲಿಸ್. ಬೋರಲು ಹಾಕಿದ ದೋಣಿಯಂತಿದ್ದರೆ ಫೋರ್ಡ್. ಫೋರ್ಡಿನವರು ಬೋಲ್ಟುಗಳ ತಲೆಯ ಮೇಲೂ ತಮ್ಮ ಹೆಸರಿನ ಮೊದಲ ಅಕ್ಷರವನ್ನು ಒತ್ತುತ್ತಿದ್ದರು. ಎಂಜಿನು, ಚಾಸಿ, ಮೈ ಮೂರೂ ಬೇರೆ ಬೇರೆ ಗಾಡಿಯವಾಗಿರುವುದು ನಮ್ಮಲ್ಲಿ ಸಾಮಾನ್ಯ. ಅನೇಕ ಪೆಟ್ರೋಲು ಜೀಪುಗಳಿಗೆ ಆಮೇಲೆ ಡೀಸೆಲ್ ಎಂಜಿನನ್ನು ಕೂರಿಸಿದ್ದುಂಟು. ಅಂಥದು ಕೆಲಸಕ್ಕೆ ಒಳ್ಳೆಯದಾದರೂ ಚರಿತ್ರೆಯ ದೃಷ್ಟಿಯಿಂದ ಬೆಲೆ ಇಳಿಯುತ್ತದೆ.

ಮೊದಲು ಕಾಗದ, ಆಮೇಲೆ ಗಾಡಿ

ಈ ಲೇಖಕನು ಮೊದಲ ಜೀಪನ್ನು ಕೊಂಡಾಗ ಎಂಜಿನಿನ ಸದ್ದು ಕೇಳಿ ಮರುಳಾಗಿ ಮುಂಗಡ ಎಣಿಸಿಕೊಟ್ಟನು. ಮನೆಗೆ ತಂದು ಚಾಸಿಯ ಸಂಖ್ಯೆಯ ಫಲಕವನ್ನು ಸೀಮೆಎಣ್ಣೆ ಹಚ್ಚಿ ಉಜ್ಜಿದಾಗ, ಕೊನೆಯ ಎರಡು ಅಂಕಗಳು ಆರ್.ಸಿ. ಪುಸ್ತಕದೊಡನೆ ಹೊಂದಲಿಲ್ಲ. ಮಾರಿದವನು ಮತ್ತೆ ಕೈಗೆ ಸಿಗಲಿಲ್ಲ. ಆ ಗಾಡಿ ಇಂದಿಗೂ ನನ್ನ ಹೆಸರಿಗೆ ಆಗಿಲ್ಲ. ಬಿಡಿಭಾಗಗಳ ಕಣಜವಾಗಿ ಉಳಿದಿದೆ. ಆದ್ದರಿಂದ ಹಣ ಕೊಡುವ ಮೊದಲೇ ಉಜ್ಜಿ ನೋಡಿರಿ. ಯುದ್ಧದ ವಿಲ್ಲಿಸ್ ಜೀಪಿನ ಸಂಖ್ಯೆಯ ಫಲಕ ಚಾಸಿಯ ಎಡತೋಳಿನ ಮುಂತುದಿಯ ಒಳಮಗ್ಗುಲಲ್ಲಿರುತ್ತದೆ. ಫೋರ್ಡಿನಲ್ಲಿ ಎಡತೋಳಿನ ಮೇಲೆಯೇ ಒತ್ತಿರುತ್ತದೆ. ಎಂಜಿನಿನ ಸಂಖ್ಯೆಯನ್ನೂ ಬ್ಲಾಕಿನ ಮೇಲೆ ಹುಡುಕಿ ಓದತಕ್ಕದ್ದು.

ಗಡಿನಾಡಿನ ನಮಗೆ ಇನ್ನೊಂದು ತೊಡಕುಂಟು. ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದು ಅಂದು ಆಂಧ್ರಕ್ಕೆ ಸೇರಿದವು. ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗ, ಅದೂ ಮದರಾಸಿನದೇ; ಅಂದಿನಿಂದ ಕೇರಳಕ್ಕೆ ಸೇರಿತು. ಆ ದಿನಗಳ ಮೊದಲು ದಾಖಲಾದ ಗಾಡಿಯ ಮೂಲ ದಾಖಲೆ ಈಗಿನ ಜಿಲ್ಲೆಯ ಕಚೇರಿಯಲ್ಲಿ ಇಲ್ಲದಿರಬಹುದು. ಮೂರು ಅಕ್ಷರಗಳ ಹಳೆಯ ನಂಬರಿನ ಆರ್.ಸಿ. ಪುಸ್ತಕ ಮನೆಯ ಪೆಟ್ಟಿಗೆಯಲ್ಲಿದ್ದರೆ ಅದನ್ನು ಜೋಪಾನವಾಗಿ ತೆಗೆದಿಡಿ. ಹರಿದಿದ್ದರೂ ಎಸೆಯಕೂಡದು. ಹಳೆಯ ತೆರಿಗೆ ರಸೀದಿ, ವಿಮೆಯ ಕಾಗದ, ಜೀಪಿನ ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಫೋಟೋ, ಎಲ್ಲವೂ ಸಾಕ್ಷಿಯೇ.

ಗಾಡಿ ಅಜ್ಜನ ಹೆಸರಿನಲ್ಲಿದ್ದು ಅವರು ತೀರಿಕೊಂಡಿದ್ದರೆ, ವಾರಸುದಾರರು 31ನೆಯ ನಮೂನೆಯಲ್ಲಿ ಅರ್ಜಿ ಹಾಕಬೇಕು. ಇದನ್ನು ಮೂರು ತಿಂಗಳೊಳಗೆ ಮಾಡುವುದು ನಿಯಮ. ತಡವಾಗಿದ್ದರೆ ದಂಡ ಬೀಳಬಹುದು, ಆದರೂ ಮಾಡಿಸಿಕೊಳ್ಳುವುದೇ ಲೇಸು. ಕೊಂಡದ್ದಾದರೆ 29 ಮತ್ತು 30ನೆಯ ನಮೂನೆಗಳು. ಬೇರೆ ರಾಜ್ಯದಿಂದ ತರುವುದಾದರೆ ಅಲ್ಲಿಯ ಕಚೇರಿಯಿಂದ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರ ಬೇಕು. ಹನ್ನೆರಡು ತಿಂಗಳು ಮೀರಿ ಇನ್ನೊಂದು ರಾಜ್ಯದಲ್ಲಿಟ್ಟ ಗಾಡಿಗೆ ಆ ರಾಜ್ಯದ ನಂಬರು ಪಡೆಯಲೇಬೇಕು. ಬಂಧುಗಳ ಮನೆ ಆಚೆಯಲ್ಲಿದೆ, ಗಾಡಿ ಅತ್ತಿತ್ತ ಓಡುತ್ತದೆ ಎಂಬ ಸಮಾಧಾನ ತಪಾಸಣೆಯವರಿಗೆ ಸಾಲದು.

ವಿಂಟೇಜ್ ದಾಖಲಾತಿ: ಲಾಭವೂ ಕಟ್ಟೂ

2021ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಹಳೆಯ ಗಾಡಿಗಳಿಗಾಗಿಯೇ ನಿಯಮಗಳನ್ನು ಹೊರಡಿಸಿತು. ಮೊದಲ ದಾಖಲಾತಿಯಾಗಿ 50 ವರ್ಷ ಮೀರಿದ, ಚಾಸಿ, ಮೈ, ಎಂಜಿನುಗಳಲ್ಲಿ ದೊಡ್ಡ ಬದಲಾವಣೆ ಇಲ್ಲದೆ ಮೂಲರೂಪದಲ್ಲಿರುವ ಗಾಡಿಯನ್ನು ವಿಂಟೇಜ್ ಎಂದು ದಾಖಲಿಸಬಹುದು. 20ನೆಯ ನಮೂನೆಯ ಅರ್ಜಿ, ವಿಮೆ, ಹಳೆಯ ಆರ್.ಸಿ., 20,000 ರೂಪಾಯಿ ಶುಲ್ಕ. ಹತ್ತು ವರ್ಷಕ್ಕೆ ಪತ್ರ ದೊರೆಯುತ್ತದೆ. ಅನಂತರದ ನವೀಕರಣಕ್ಕೆ 5,000 ರೂಪಾಯಿ. ಹಳೆಯ ನಂಬರು ಇದ್ದವರು ಅದನ್ನೇ ಉಳಿಸಿಕೊಳ್ಳಬಹುದು. ಅಜ್ಜನ ಜೀಪಿಗೆ ಅಜ್ಜನ ಕಾಲದ ನಂಬರೇ ಇರುವುದು ಸಣ್ಣ ಸಂತೋಷವಲ್ಲ.

ಆದರೆ ಕಟ್ಟನ್ನೂ ತಿಳಿಯಬೇಕು. ಹೀಗೆ ದಾಖಲಾದ ಗಾಡಿಯನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ರಸ್ತೆಯಲ್ಲಿ ಬಳಸಕೂಡದು. ಪ್ರದರ್ಶನ, ರ‍್ಯಾಲಿ, ಪೆಟ್ರೋಲು ಹಾಕಿಸುವುದು, ರಿಪೇರಿ ಇವುಗಳಿಗೆ ಮಾತ್ರ ಒಯ್ಯಬಹುದು. ಆದ್ದರಿಂದ ಮೊದಲೇ ನಿಶ್ಚಯಿಸಿರಿ: ನಿಮಗೆ ಬೇಕಾದುದು ಸಂತೆಗೆ ಅಡಿಕೆ ಒಯ್ಯುವ ಗಾಡಿಯೋ, ಕಾಪಾಡಿಡುವ ಗಾಡಿಯೋ? ಓಡಾಟಕ್ಕೆ ಬೇಕಾದರೆ ಸಾಧಾರಣ ದಾಖಲಾತಿಯನ್ನೇ ಐದೈದು ವರ್ಷಕ್ಕೆ ನವೀಕರಿಸುತ್ತ ಹೋಗುವುದು ಯೋಗ್ಯ. ಎರಡು ದೋಣಿಯಲ್ಲಿ ಕಾಲಿಡಬಾರದು.

ಬಿಚ್ಚುವ ಕ್ರಮ

ಬಿಚ್ಚುವ ಮೊದಲು ಪ್ರತಿಯೊಂದು ಮಗ್ಗುಲಿನ ಚಿತ್ರ ತೆಗೆಯಿರಿ. ಈಗ ಎಲ್ಲರ ಕೈಯಲ್ಲಿ ಮೊಬೈಲು ಇರುವುದರಿಂದ ಇದಕ್ಕೆ ಖರ್ಚಿಲ್ಲ. ಒಂದೊಂದು ಭಾಗದ ಬೋಲ್ಟು ನಟ್ಟುಗಳನ್ನು ಒಂದೊಂದು ಡಬ್ಬಿಗೆ ಹಾಕಿ ಹೆಸರು ಬರೆದ ಚೀಟಿ ಅಂಟಿಸತಕ್ಕದ್ದು. ವರ್ಷದ ಮೇಲೆ ಕೂಡಿಸುವಾಗ ನೆನಪು ಸಾಲುವುದಿಲ್ಲ. ತುಕ್ಕು ಹಿಡಿದ ನಟ್ಟಿಗೆ ಡೀಸೆಲ್ ಸವರಿ ಒಂದೆರಡು ದಿನ ಬಿಟ್ಟು ತಿರುವಿದರೆ ಅರ್ಧ ಶ್ರಮ ಉಳಿಯುತ್ತದೆ.

ಒಂದು ಮುಖ್ಯ ಎಚ್ಚರಿಕೆ. ಹಳೆಯ ಜೀಪುಗಳಲ್ಲಿ ಎಡಮಗ್ಗುಲ ಚಕ್ರಗಳ ನಟ್ಟುಗಳಿಗೆ ತಿರುವುಮುರುವು ಮರೆ ಇರುತ್ತದೆ. ಬಲಕ್ಕೆ ತಿರುಗಿಸಿದರೆ ಸಡಿಲ, ಎಡಕ್ಕೆ ತಿರುಗಿಸಿದರೆ ಬಿಗಿ. ಇದನ್ನರಿಯದೆ ಉದ್ದನೆಯ ಕೊಳವೆ ಸೇರಿಸಿ ಮೈಭಾರ ಹಾಕಿ ನಾನು ಎರಡು ಬೋಲ್ಟು ಮುರಿದೆನು. ನೀವು ಮುರಿಯಬೇಕಾದ್ದಿಲ್ಲ.

ಪೆಟ್ರೋಲು ಟಾಕಿ ಚಾಲಕನ ಆಸನದ ಕೆಳಗೇ ಇದೆ. ಮೊದಲು ಅದನ್ನು ಕಳಚಿ ದೂರ ಇಡಿ. ಬರಿದಾದ ಟಾಕಿಯಲ್ಲೂ ಆವಿ ಉಳಿದು ಸಿಡಿಯುತ್ತದೆ. ಅದಕ್ಕೆ ಮನೆಯಲ್ಲಿ ಬೆಸುಗೆ ಹಾಕಕೂಡದು. ಹಳೆಯ ಬ್ರೇಕು, ಕ್ಲಚ್ಚುಗಳ ಲೈನಿಂಗಿನಲ್ಲಿ ಕಲ್ನಾರು ಇರಬಹುದು. ಆ ಧೂಳನ್ನು ಬಾಯಿಂದ ಊದುವುದು, ಗಾಳಿಯ ಪಂಪು ಹಿಡಿಯುವುದು ಶ್ವಾಸಕೋಶಕ್ಕೆ ಕೇಡು. ಒದ್ದೆ ಬಟ್ಟೆಯಿಂದ ಒರೆಸಿ ಚೀಲಕ್ಕೆ ಹಾಕಿ ಕಟ್ಟಿರಿ. ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ನುಗ್ಗಬೇಡಿ. ಮರದ ದಿಮ್ಮಿ ಕೊಟ್ಟೇ ನುಗ್ಗಬೇಕು.

ಎಂಜಿನು

ಬಹುಕಾಲ ನಿಂತ ಎಂಜಿನು ಹಿಡಿದುಕೊಂಡಿರುತ್ತದೆ. ಗೇರಿಗೆ ಹಾಕಿ ಟ್ರ್ಯಾಕ್ಟರಿನಿಂದ ಎಳೆಸುವುದು ದೊಡ್ಡ ತಪ್ಪು. ಪಿಸ್ಟನ್ ಉಂಗುರಗಳು ಮುರಿದು ಗೋಡೆಯನ್ನು ಗೀರುತ್ತವೆ. ನಾಲ್ಕೂ ಪ್ಲಗ್ಗು ಕಳಚಿ, ಡೀಸೆಲ್ ಮತ್ತು ಎಂಜಿನ್ ಎಣ್ಣೆಯನ್ನು ಬೆರೆಸಿ ಪ್ರತಿ ರಂಧ್ರಕ್ಕೂ ಸ್ವಲ್ಪ ಸ್ವಲ್ಪ ಹಾಕಿ ನಾಲ್ಕೈದು ದಿನ ಬಿಡಿ. ಆಮೇಲೆ ಮುಂದಿನ ಹ್ಯಾಂಡಲಿನಿಂದ ಮೆಲ್ಲಗೆ ಅತ್ತಿತ್ತ ಅಲುಗಿಸಿರಿ. ಬಿಟ್ಟುಕೊಟ್ಟ ಮೇಲೆ ಹಳೆಯ ಎಣ್ಣೆಯನ್ನು ಪೂರ್ತಿ ಇಳಿಸಿ, ಅಡಿತಟ್ಟೆ ಕಳಚಿ ಕೆಸರು ತೆಗೆದು, ಹೊಸದನ್ನು ತುಂಬತಕ್ಕದ್ದು.

ಮುಂದಿನ ಅಳತೆಗಳನ್ನು ಬರೆದಿಟ್ಟುಕೊಳ್ಳಿರಿ. ಕಿಡಿಯ ಸರದಿ 1-3-4-2. ಪ್ಲಗ್ಗಿನ ಸಂದು 0.030 ಅಂಗುಲ. ಪಾಯಿಂಟಿನ ಸಂದು 0.020 ಅಂಗುಲ. ಪಕ್ಕದ ವಾಲ್ವಿನ ಹಳೆಯ ಎಂಜಿನಿನಲ್ಲಿ ಎಲ್ಲ ಟ್ಯಾಪೆಟ್ಟುಗಳಿಗೂ 0.016 ಅಂಗುಲ, ಸಿ.ಜೆ.-3ಬಿ ಎಂಜಿನಿನಲ್ಲಿ ಒಳವಾಲ್ವಿಗೆ 0.018, ಹೊಗೆವಾಲ್ವಿಗೆ 0.016. ನಾಲ್ಕು ಸಿಲಿಂಡರಿನ ಒತ್ತಡವನ್ನೂ ಅಳೆಯಿಸಿರಿ. ನಾಲ್ಕೂ ಸುಮಾರಾಗಿ ಸಮನಾಗಿದ್ದರೆ ಎಂಜಿನನ್ನು ಬಿಚ್ಚುವ ಆತುರ ಬೇಡ. ಒಂದು ಮಾತ್ರ ಬಹಳ ಇಳಿದಿದ್ದರೆ ಹೆಚ್ಚಾಗಿ ವಾಲ್ವು ಸುಟ್ಟಿರುತ್ತದೆ ಇಲ್ಲವೆ ಉಂಗುರ ಹಿಡಿದಿರುತ್ತದೆ. ಆ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ದೋಷ ಉಂಗುರದ್ದು, ಏರದಿದ್ದರೆ ವಾಲ್ವಿನದು.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಅದು ಹಳೆಯ ರಬ್ಬರು ಕೊಳವೆ, ಪಂಪಿನ ಪೊರೆಗಳನ್ನು ಕೊರೆಯುತ್ತದೆ, ನೀರನ್ನೂ ಹೀರುತ್ತದೆ. ಆದ್ದರಿಂದ ಎಥನಾಲ್ ತಡೆಯುವ ಹೊಸ ಕೊಳವೆ, ಹೊಸ ಪೊರೆ ಹಾಕಿಸಿರಿ. ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಟಾಕಿಯನ್ನೂ ಕಾರ್ಬುರೇಟರನ್ನೂ ಬರಿದು ಮಾಡಿಡಿ.

ಯುದ್ಧದ ಜೀಪಿನ ವಿದ್ಯುತ್ತು 6 ವೋಲ್ಟಿನದು. ಅದಕ್ಕೆ ದಪ್ಪ ತಂತಿ ಬೇಕು. ಅಂಗಡಿಯಲ್ಲಿ ಸಿಗುವ ಸಣ್ಣ ತಂತಿ ಹಾಕಿದರೆ ಸ್ಟಾರ್ಟರು ಎಳೆಯುವುದಿಲ್ಲ. ಬ್ಯಾಟರಿಯನ್ನು ಬೈದು ಫಲವಿಲ್ಲ.

ಬ್ರೇಕು ಮತ್ತು ಸ್ಟಿಯರಿಂಗು

ಬಣ್ಣಕ್ಕೆ ಹಣ ಹಾಕುವ ಮೊದಲು ಬ್ರೇಕಿಗೆ ಹಾಕಿರಿ. ಈ ಗಾಡಿಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಎಣ್ಣೆಯ ದಾರಿ. ಒಂದು ಕಡೆ ಸೋರಿದರೆ ನಾಲ್ಕೂ ಹೋದಂತೆ. ಕೊಳವೆ, ರಬ್ಬರು ವಾಷರು, ಮುಖ್ಯ ಸಿಲಿಂಡರು ಎಲ್ಲವನ್ನೂ ಹೊಸದು ಮಾಡಿಸುವುದೇ ಕ್ಷೇಮ. ಕೈಬ್ರೇಕು ಚಕ್ರಗಳ ಮೇಲಲ್ಲ, ಗೇರುಪೆಟ್ಟಿಗೆಯ ಹಿಂದಿನ ದಂಡದ ಮೇಲೆ ಹಿಡಿಯುತ್ತದೆ. ಓಡುವಾಗ ಅದನ್ನು ಎಳೆಯಕೂಡದು.

ಓಡುವಾಗ ಮುಂಚಕ್ರಗಳು ತೊಡೆ ನಡುಗಿದಂತೆ ನಡುಗಿದರೆ ಜನರು ಟೈರನ್ನು ದೂರುತ್ತಾರೆ. ನಿಜವಾದ ಕಾರಣ ಬಹುಮಟ್ಟಿಗೆ ಕಿಂಗ್‌ಪಿನ್ನಿನ ಬೇರಿಂಗು, ಟೈರಾಡಿನ ತುದಿ, ಚಾಸಿಯ ನಡುವೆ ಕೂತಿರುವ ಬೆಲ್‌ಕ್ರ್ಯಾಂಕು ಈ ಮೂರರ ಸವೆತ. ಒಬ್ಬರು ಸ್ಟಿಯರಿಂಗು ಅಲುಗಿಸುತ್ತಿರಲಿ, ಇನ್ನೊಬ್ಬರು ಕೆಳಗೆ ನೋಡುತ್ತಿರಲಿ. ಎಲ್ಲಿ ಸಡಿಲವೋ ತಾನೇ ಕಾಣುತ್ತದೆ.

ಮೈ ಮತ್ತು ಬಣ್ಣ

ತಳದ ತಗಡಿಗಿಂತ ಅದರ ಕೆಳಗಿನ ಟೊಪ್ಪಿಗೆಯಾಕಾರದ ಆಧಾರಪಟ್ಟಿಗಳು ಮೊದಲು ಕೊಳೆಯುತ್ತವೆ. ಯುದ್ಧದ ಜೀಪಿನಲ್ಲಿ ಅವುಗಳೊಳಗೆ ಮರದ ತುಂಡು ಇಡುತ್ತಿದ್ದರು. ಅದು ನೀರು ಕುಡಿದು ತಗಡನ್ನು ಒಳಗಿನಿಂದ ತಿನ್ನುತ್ತದೆ. ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿರಿ. ಚಾಸಿಯಲ್ಲಿ ಸ್ಪ್ರಿಂಗಿನ ಕೊಂಡಿ, ಸ್ಟಿಯರಿಂಗು ಪೆಟ್ಟಿಗೆ ಕೂರುವ ಜಾಗ, ಹಿಂದಿನ ಅಡ್ಡಪಟ್ಟಿ ಇಲ್ಲೆಲ್ಲ ಬಿರುಕು ಹುಡುಕಿರಿ. ತೂತು ಬಿದ್ದಲ್ಲಿ ಮಾತ್ರ ಕತ್ತರಿಸಿ ತೇಪೆ ಹಾಕುವುದು ಉತ್ತಮ. ಹೊಸ ಮೈ ತಂದು ಕೂರಿಸುವುದು ಸುಲಭ. ಆದರೆ ಹಳೆಯದು ಹೋಯಿತು ಎಂಬುದು ನೆನಪಿರಲಿ.

ಬಣ್ಣದ ವಿಷಯದಲ್ಲಿ ಈಚೆಗೆ ಒಂದು ಹುಚ್ಚು ಹಬ್ಬಿದೆ. ಯಾವ ಜೀಪೇ ಇರಲಿ, ಸೈನ್ಯದ ಹಸಿರು ಬಳಿದು ಬಿಳಿಯ ನಕ್ಷತ್ರ ಬರೆಸುವುದು. ಮೋಟಾರು ವಾಹನ ನಿಯಮಗಳ ಪ್ರಕಾರ ಆಲಿವ್ ಹಸಿರು ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮೀಸಲು, ಇತರರು ಬಳಿಯಕೂಡದು. ಅದಿರಲಿ, ತೋಟದಲ್ಲಿ ದುಡಿದ ಗಾಡಿಗೆ ಯುದ್ಧದ ವೇಷವೇಕೆ? ಸೀಟಿನ ಕೆಳಗೆ, ಫಲಕದ ಹಿಂದೆ ಮೆಲ್ಲಗೆ ಉಜ್ಜಿದರೆ ಕಾರ್ಖಾನೆಯ ಮೊದಲ ಬಣ್ಣ ಸಿಗುತ್ತದೆ. ಅದನ್ನೇ ಬಳಿಯಿರಿ. ಗೊಬ್ಬರದ ಚೀಲ ಉಜ್ಜಿ ಸವೆದ ಅಂಚು, ಅಜ್ಜ ಹೊಡೆಸಿದ ಹೆಚ್ಚಿನ ಕೊಂಡಿ, ಇವನ್ನು ಅಳಿಸದಿದ್ದರೆ ಗಾಡಿ ತನ್ನ ಕಥೆಯನ್ನು ತಾನೇ ಹೇಳೀತು.

ಓಡಿಸುವಾಗ

ನಾಲ್ಕು ಚಕ್ರದ ಬಲವನ್ನು ಕೆಸರು, ಮರಳು, ಏರುಗಳಲ್ಲಿ ಮಾತ್ರ ಹಾಕಿರಿ. ಒಣಗಿದ ಡಾಂಬರು ರಸ್ತೆಯಲ್ಲಿ ಹಾಕಿದರೆ ಮುಂದಿನ ಮತ್ತು ಹಿಂದಿನ ಚಕ್ರಗಳು ಒಂದನ್ನೊಂದು ಜಗ್ಗಿ ಗೇರು ಹಾಳಾಗುತ್ತದೆ. ಕೆಳ ಗೇರು ಬೀಳಬೇಕಾದರೆ ಮುಂಚಕ್ರದ ಬಲ ಮೊದಲು ಬಿದ್ದಿರಬೇಕು. ಬೀಳದಿದ್ದರೆ ಕೋಲನ್ನು ಒತ್ತಾಯಿಸಬೇಡಿ.

ಖರ್ಚಿನ ಮಾತು ಕೊನೆಯದಾಗಿ. ಕೊಂಡ ಬೆಲೆಗಿಂತ ರಿಪೇರಿಯ ಬೆಲೆ ಮೀರುವುದೇ ವಾಡಿಕೆ. ಸಾಲ ಮಾಡಿ, ಬಿತ್ತನೆಯ ಹಣ ತೆಗೆದು ಇದಕ್ಕೆ ಇಳಿಯಬಾರದು. ಒಂದು ವರ್ಷ ಬ್ರೇಕು, ಒಂದು ವರ್ಷ ಎಂಜಿನು, ಒಂದು ವರ್ಷ ಮೈ, ಹೀಗೆ ಫಸಲಿನ ಮಿಗತೆಯಿಂದ ಮಾಡಿದರೆ ಮನೆಗೂ ಭಾರವಲ್ಲ, ಕೆಲಸವೂ ನಿಧಾನವಾಗಿ ಗಟ್ಟಿಯಾಗುತ್ತದೆ. ಊರಿನ ಹಳೆಯ ಮೆಕ್ಯಾನಿಕರು ಇರುವಾಗಲೇ ಆರಂಭಿಸಿರಿ. ಈ ಎಂಜಿನಿನ ಸದ್ದು ಕೇಳಿಯೇ ದೋಷ ಹೇಳುವವರು ಈಗ ಬೆರಳೆಣಿಕೆಯಷ್ಟು. ಮನೆಯ ಹುಡುಗನೊಬ್ಬನನ್ನು ಅವರ ಪಕ್ಕದಲ್ಲಿ ಪಾನಾ ಹಿಡಿದು ನಿಲ್ಲಿಸಿರಿ. ಗಾಡಿಯ ಜತೆಗೆ ಆ ವಿದ್ಯೆಯೂ ಉಳಿದೀತು.

ನೆನಪಿಡತಕ್ಕ ಐದು ಮಾತುಗಳು

1. ಸಂಖ್ಯೆಯನ್ನು ಉಜ್ಜಿ ಓದದೆ ಮುಂಗಡ ಕೊಡಬಾರದು.
2. ಹಳೆಯ ಆರ್.ಸಿ. ಪುಸ್ತಕ ಎಸೆಯಬಾರದು, ವಾರಸು ಬದಲಾವಣೆ ಮುಂದೂಡಬಾರದು.
3. ಓಡಿಸುವ ಗಾಡಿಯೋ ಕಾಪಾಡುವ ಗಾಡಿಯೋ ಮೊದಲೇ ನಿಶ್ಚಯಿಸಬೇಕು.
4. ಬ್ರೇಕು ಮೊದಲು, ಬಣ್ಣ ಕೊನೆಗೆ.
5. ಎಡಮಗ್ಗುಲ ನಟ್ಟು ಬಲಕ್ಕೆ ತಿರುಗಿದರೆ ಸಡಿಲ.